ಮಾರ್ಲಿಸ್ ಬರೆದುಕೊಂಡ ವಿಳಾಸ

ಅಮೆರಿಕದ ಡುಲೂತ್‌ನ ನಮ್ಮ ಬೀದಿಯಲ್ಲಿ ನಾಯಿಗಳಿಗೆ ಸ್ನಾನ ಮಾಡಿಸಿ ಕೂದಲು ಕತ್ತರಿಸುವ ಅಂಗಡಿ ಮಾರ್ಲಿಸ್ ಹೌಗನ್‌ಳದು. ಅವಳ ಅಂಗಡಿಗೂ ನನ್ನ ಬೇಕರಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಅರವತ್ತು ದಾಟಿದ, ದಪ್ಪ ದನಿಯ ಹೆಂಗಸು. ಯಾರನ್ನೂ ಓಲೈಸಿದವಳಲ್ಲ. ಬೇರೆಯವರು ಕಚ್ಚುತ್ತದೆಂದು ವಾಪಸ್ ಕಳಿಸಿದ ನಾಯಿಗಳನ್ನೂ ಕರೆದು ಮೇಜಿನ ಮೇಲೆ ನಿಲ್ಲಿಸಿಕೊಳ್ಳುತ್ತಿದ್ದಳು.

ಮೊದಲೆಲ್ಲ ಗಿರಾಕಿಗಳ ಹೆಸರನ್ನು ಗೋಡೆಯ ಕ್ಯಾಲೆಂಡರಿನಲ್ಲೇ ಗೀಚುತ್ತಿದ್ದಳು. ಆಮೇಲೆ ಬ್ರಷ್‌ಬೆಲ್ ಎಂಬ ಕಂಪನಿಯವರು ಫೋನ್ ಮಾಡಿ ಮಾಡಿ ಅವಳನ್ನು ಒಪ್ಪಿಸಿದರು. ತಿಂಗಳ ಚಂದಾ ಕಟ್ಟಿದರೆ ಲೆಕ್ಕ, ಸರದಿ, ನೆನಪೋಲೆ ಎಲ್ಲವನ್ನೂ ಅವರ ಸಾಫ್ಟ್‌ವೇರೇ ನೋಡಿಕೊಳ್ಳುತ್ತಿತ್ತು. ಆದರೆ ಗಿರಾಕಿಯ ಮನೆ ವಿಳಾಸ ತುಂಬದ ಹೊರತು ಅದು ಮುಂದಕ್ಕೇ ಹೋಗುತ್ತಿರಲಿಲ್ಲ.

ಡೀನಾ ಎಂಬ ಹೆಂಗಸು ತನ್ನ ಮುದಿ ಬೇಟೆನಾಯಿ ಟರ್ನಿಪ್‌ನನ್ನು ಕರೆತಂದಾಗ ತಕರಾರು ಬಂದದ್ದು ಅಲ್ಲೇ. ನಾಯಿಗೆ ಮೂರೇ ಕಾಲು. ವಿಳಾಸ ಕೇಳಿದ್ದಕ್ಕೆ ಡೀನಾ ಬಾಗಿಲ ಕಡೆ ತಿರುಗಿದಳಂತೆ.

"ಹೇಳಮ್ಮಾ, ಪರವಾಗಿಲ್ಲ. ಇಲ್ಲಿ ಬರೆದದ್ದು ಈ ಅಂಗಡಿ ಬಿಟ್ಟು ಎಲ್ಲೂ ಹೋಗಲ್ಲ," ಎಂದಳು ಮಾರ್ಲಿಸ್.

ಡೀನಾ ಹೇಳಿದಳು. ಬರಬರುತ್ತಾ ಉಳಿದದ್ದನ್ನೂ ಹೇಳಿದಳು. ಇಂಡಿಯಾನಾದಲ್ಲಿ ಗಂಡ ಕರ್ಟ್ ಅವಳ ದವಡೆ ಮುರಿದಿದ್ದ. ಅವಳು ಅಡ್ಡಹೆಸರು, ಫೋನು, ಊರು ಎಲ್ಲವನ್ನೂ ಬದಲಿಸಿ ಓಡಿ ಬಂದಿದ್ದಳು. ನಾಯಿಯ ಹೆಸರು ಮಾತ್ರ ಹಾಗೇ ಉಳಿದಿತ್ತು. ಮುದಿ ನಾಯಿ ಬೇರೆ ಹೆಸರಿಗೆ ತಿರುಗಿಯೂ ನೋಡುತ್ತಿರಲಿಲ್ಲ.

ಆ ಚಳಿಗಾಲ ಯಾರೋ ಬ್ರಷ್‌ಬೆಲ್ ಕಂಪನಿಯ ಕಂಪ್ಯೂಟರುಗಳಿಗೆ ನುಗ್ಗಿ ಗಿರಾಕಿಗಳ, ಅವರ ನಾಯಿಗಳ ಮಾಹಿತಿಯನ್ನೆಲ್ಲ ಕದ್ದು ಇಂಟರ್ನೆಟ್ಟಿಗೆ ಸುರಿದರು. ಕಂಪನಿಗೆ ವಿಷಯ ಕೂಡಲೇ ಗೊತ್ತಾಯಿತು. ಮಾರ್ಲಿಸ್‌ಳಿಗೆ ತಿಳಿಸಿದ್ದು ನಮ್ಮೂರ ಸರೋವರದ ಮಂಜುಗಡ್ಡೆ ಕರಗಿ ವಸಂತ ಬಂದ ಮೇಲೆ. ಯಾರ ಕಾರ್ಡ್ ಸಂಖ್ಯೆಯೂ ಸೋರಿಲ್ಲ, ನಿಮ್ಮ ನಂಬಿಕೆಯೇ ನಮ್ಮ ಆಸ್ತಿ ಎಂದು ಬರೆದಿದ್ದರು.

ಅಷ್ಟರಲ್ಲಿ ಕರ್ಟ್ ಬಂದು ಹೋಗಿದ್ದ. ನಾಯಿಯನ್ನು ಅಡ್ಡಾಡಿಸಿ ಹಿಂತಿರುಗಿದ ಡೀನಾಗೆ ಅವನು ಮನೆಯ ಮೆಟ್ಟಿಲ ಮೇಲೆ ಕೂತಿದ್ದುದು ಕಂಡಿತು. ಟಪಾಲಿನವನು ಅಡ್ಡ ಬಂದು ಬಿಡಿಸುವ ಹೊತ್ತಿಗೆ ಅವಳ ಮಣಿಕಟ್ಟು ಮುರಿದಿತ್ತು. ಹೇಗೆ ಪತ್ತೆ ಮಾಡಿದೆ ಎಂದು ಪೊಲೀಸರು ಕೇಳಿದಾಗ ಅವನು ಜಂಬದಿಂದಲೇ ಬಾಯಿಬಿಟ್ಟ.

ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಡೀನಾ ಅಂಗಡಿಗೆ ಬಂದಳು. ನಾನೂ ಅಲ್ಲೇ ಇದ್ದೆ.

"ಟರ್ನಿಪ್, ಮೂರು ಕಾಲು ಅಂತ ಹುಡುಕಿದನಂತೆ. ನಿಮ್ಮ ಅಂಗಡಿ ಹೆಸರಿನ ಪಕ್ಕದಲ್ಲೇ ನನ್ನ ಮನೆ ನಂಬರ್ ಬಂತಂತೆ."

"ನಾನು ಕೊಟ್ಟಿಲ್ಲ ಡೀನಾ. ಕಂಪನಿಯಿಂದ ಕದ್ದಿದಾರೆ."

"ಕಂಪನಿ ಯಾರೋ ನಂಗೊತ್ತಿಲ್ಲ. ನಾನು ಹೇಳಿದ್ದು ನಿಮ್ಹತ್ರ."

ಅಷ್ಟು ಹೇಳಿ ಹೊರಟುಹೋದಳು. ಆ ವಾರವೇ ನಾಯಿಯೊಂದಿಗೆ ಊರನ್ನೂ ಬಿಟ್ಟಳು.

ಮಾರ್ಲಿಸ್ ಕಂಪನಿಗೆ ಫೋನ್ ಮಾಡಿದಳು. ಒಬ್ಬರು ಇನ್ನೊಬ್ಬರಿಗೆ ದಾಟಿಸಿದರು. ಕೊನೆಗೆ ಸಿಕ್ಕವನು ಕ್ಷಮೆಯ ಬದಲು ಚಂದಾದಲ್ಲಿ ರಿಯಾಯಿತಿ ಕೊಡಲು ನೋಡಿದ. ನನ್ನ ಗಿರಾಕಿಗಳ ವಿವರ ಅಳಿಸಿಹಾಕಿ ಎಂದರೆ, ನೀವು ಬಿಟ್ಟುಹೋದರೂ ನಿಯಮದ ಪ್ರಕಾರ ನಾವು ಇಟ್ಟುಕೊಳ್ಳಬೇಕಾಗುತ್ತದೆ ಎಂದ. ಅವಳು ಫೋನನ್ನು ನಾಯಿ ತೊಳೆಯುವ ತೊಟ್ಟಿಗೆ ಎಸೆದ ಸದ್ದು ಗೋಡೆಯಾಚೆಗೂ ಕೇಳಿತು.

ಮಿನಿಯಾಪೊಲಿಸ್‌ನಲ್ಲಿ ಅವಳ ಕಸುಬಿನವರ ಸಮಾವೇಶ ನಡೆದಾಗ ನಾನೇ ಅವಳನ್ನು ಕಾರಿನಲ್ಲಿ ಕರೆದೊಯ್ದೆ. ವೇದಿಕೆಯ ಮೇಲೆ ಬ್ರಷ್‌ಬೆಲ್‌ನ ಅಧಿಕಾರಿ ಭದ್ರತೆಯ ಬಗ್ಗೆ ಮಾತಾಡುತ್ತಿದ್ದ. ಪ್ರಶ್ನೆಯ ಸಮಯದಲ್ಲಿ ಮಾರ್ಲಿಸ್ ಮೈಕ್ ಹಿಡಿದಳು.

"ನಿಮ್ಮ ಬೇಸರ ಅರ್ಥವಾಗುತ್ತೆ ಮೇಡಂ," ಎಂದ ಅವನು.

"ಬೇಸರ ಅಲ್ಲಪ್ಪಾ. ಒಬ್ಬಳ ಕೈ ಮುರಿದಿದೆ. ನಿಮಗೆ ಚಳಿಗಾಲದಲ್ಲೇ ಗೊತ್ತಿತ್ತು. ಅವತ್ತೇ ಹೇಳಿದ್ರೆ ಅವಳು ಮನೆ ಬದಲಾಯಿಸ್ತಿದ್ದಳು. ಯಾಕೆ ಹೇಳ್ಲಿಲ್ಲ?"

ವಕೀಲರ ಸಲಹೆ ಪಡೆಯುತ್ತಿದ್ದೆವು ಎಂದು ಅವನು ತಡವರಿಸಿದ.

"ನಿಮ್ಮ ಚರ್ಮ ಉಳಿಸ್ಕೊಳ್ಳೋಕೆ ವಕೀಲರನ್ನ ಕೇಳಿದ್ರಿ. ಅವಳ ಚರ್ಮದ ಬಗ್ಗೆ ಯಾರನ್ನ ಕೇಳಿದ್ರಿ?"

ಯಾರೋ ಮೈಕ್ ಆರಿಸಿದರು. ಸಭೆಯಲ್ಲಿ ಯಾರೂ ಅವಳ ಪರ ಎದ್ದು ನಿಲ್ಲಲಿಲ್ಲ. ಹೊರಗೆ ಕಾಫಿ ಹಿಡಿದಿದ್ದ ಇನ್ನೊಬ್ಬ ಅಂಗಡಿಯವಳು, ಈಗಷ್ಟೇ ಅವರು ಚಂದಾ ಇಳಿಸುವುದಕ್ಕೆ ಒಪ್ಪಿದ್ದರು, ನೀನು ಬಂದು ಕೆಡಿಸಿದೆ ಎಂದು ಮುಖ ತಿರುಗಿಸಿದಳು.

ಆಮೇಲೆ ಡೀನಾಳ ವಕೀಲರು ಕಂಪನಿಯ ಮೇಲಷ್ಟೇ ಅಲ್ಲ, ಮಾರ್ಲಿಸ್‌ಳ ಮೇಲೂ ದಾವೆ ಹಾಕಿದರು. ಅಂಗಡಿಯ ವಿಮೆಯವರು ಅವಳಿಗೆ ನೇಮಿಸಿದ ವಕೀಲ, ವಿಳಾಸದ ಬಗ್ಗೆ ನೀನು ಏನು ಹೇಳಿದ್ದೆ ಎಂಬುದು ನೆನಪಿಲ್ಲವೆಂದುಬಿಡು ಎಂದು ಹೇಳಿಕೊಟ್ಟ. ಹೇಳಿಕೆ ಕೊಡಲು ಪ್ರಮಾಣ ಮಾಡಿ ಕೂತ ಮಾರ್ಲಿಸ್, ಎಲ್ಲೂ ಹೋಗಲ್ಲ ಅಂತ ಮಾತು ಕೊಟ್ಟವಳು ನಾನೇ, ಅದನ್ನು ನಂಬಿಯೇ ಅವಳು ಹೇಳಿದ್ದು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ವಕೀಲ ಪೆನ್ನು ಕೆಳಗಿಟ್ಟು ಛಾವಣಿ ನೋಡಿದನಂತೆ.

ಹೊರಗಿನ ಕಾರಿಡಾರಿನಲ್ಲಿ ಡೀನಾ ಎದುರಾದಳು. ಟರ್ನಿಪ್ ಹೇಗಿದಾನೆ ಎಂದು ಮಾರ್ಲಿಸ್ ಕೇಳಿದಳು.

"ಅದನ್ನೂ ಎಲ್ಲಾದ್ರೂ ಬರ್ಕೋತೀರಾ?" ಎಂದು ಡೀನಾ ನಡೆದುಬಿಟ್ಟಳು.

ಕಂಪನಿ ತಪ್ಪೊಪ್ಪಿಕೊಳ್ಳದೆ ರಾಜಿ ಮಾಡಿಕೊಂಡಿತು, ಆಮೇಲೆ ಬೇರೆ ಹೆಸರಿಟ್ಟುಕೊಂಡು ಈಗಲೂ ನಡೆಯುತ್ತಿದೆ. ಕರ್ಟ್ ಜೈಲಿನಲ್ಲಿದ್ದಾನೆ. ಮಾರ್ಲಿಸ್ ಅಂಗಡಿ ಮಾರಿ ಊರಾಚೆಯ ಅನಾಥ ನಾಯಿಗಳ ಆಶ್ರಯದಲ್ಲಿ ಸ್ನಾನ ಮಾಡಿಸುವ ಕೆಲಸಕ್ಕೆ ಸೇರಿದಳು. ಶನಿವಾರ ಬ್ರೆಡ್ ಕೊಳ್ಳಲು ಬರುತ್ತಾಳೆ. ಡೀನಾಳ ಸಿಟ್ಟು ನ್ಯಾಯವಲ್ಲ ಎಂದು ನಾನೊಮ್ಮೆ ಸಮಾಧಾನ ಹೇಳಹೋದೆ. ಅವಳು ಹೇಳಿದ್ದು ನನ್ನ ಹತ್ತಿರವೇ ಎಂದು ಬ್ರೆಡ್ಡನ್ನು ಅಲ್ಲೇ ಬಿಟ್ಟು ಹೊರಟುಹೋದಳು. ಮುಂದಿನ ಶನಿವಾರ ಬರಲಿಲ್ಲ.