ಇಬ್ಬರು ಮಲಗುವ ಗಾಡಿ

ಕೆಂಡದ ಮೇಲೆ ಸಾಂಬ್ರಾಣಿ ಬಿದ್ದ ವಾಸನೆ ಬಂದರೆ ಸಾಕು, ಇವತ್ತಿಗೂ ನಾನು ಎದ್ದು ಹೋಗಿ ಕಿಟಕಿ ತೆರೆಯುತ್ತೇನೆ. ಯಾರ ಮನೆ, ಎಂಥ ಕಾರ್ಯ ಅಂತ ನೋಡುವುದಿಲ್ಲ. ಬಾಣಂತಿ ಇರುವ ಮನೆಗೆ ಹೋದಾಗಲಂತೂ ನನ್ನ ಪಾಡು ಕೇಳಬೇಡಿ. ಮಗುವಿಗೆ ಮೀಯಿಸಿ ತಲೆಗೆ ಹೊಗೆ ಹಿಡಿಯುವ ಹೊತ್ತಿಗೆ ಹೇಗಾದರೂ ಮಾಡಿ ಬಾಗಿಲ ಹತ್ತಿರ ಜಾಗ ಹಿಡಿದಿರುತ್ತೇನೆ. ಕೊಪ್ಪದಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿಯಿದೆ. ಅಲ್ಲಿಗೆ ಬರುವ ಹೆಂಗಸರು ಇದನ್ನು ಕಂಡು, ಇವಳಿಗೆ ಚಳಿಗಾಲದಲ್ಲೂ ಸೆಕೆ ಅಂತ ತಮಾಷೆ ಮಾಡುತ್ತಾರೆ. ನಾನೂ ನಗುತ್ತೇನೆ. ನಿಮಗೂ ಇಂಥದೊಂದು ವಾಸನೆ ಇರಬಹುದು. ಬೇರೆಯವರಿಗೆಲ್ಲ ದೇವರ ಕೋಣೆ ನೆನಪಾದರೆ ನಿಮಗೊಬ್ಬರಿಗೆ ಇನ್ನೇನೋ ನೆನಪಾಗುವಂಥದ್ದು. ನನಗೆ ನೆನಪಾಗುವುದು ಒಂದು ವ್ಯಾನು.

ಅಪ್ಪಯ್ಯ ಕೊಪ್ಪದ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್ ಆಗಿದ್ದ. ಗ್ಯಾರೇಜಿನ ಹಿಂದಿನ ಎರಡು ಕೋಣೆಗಳಲ್ಲಿ ನಾವಿದ್ದೆವು: ಅಪ್ಪಯ್ಯ, ಅಮ್ಮ, ಅಪ್ಪಯ್ಯನ ತಾಯಿಯಾದ ನನ್ನ ಅಜ್ಜಿ, ಮತ್ತು ನಾನು. ಆದರೆ ಬಾಲ್ಯದ ಮನೆ ಅಂದಾಗ ನನ್ನ ಕಣ್ಣಿಗೆ ಬರುವುದು ಆ ಕೋಣೆಗಳಲ್ಲ. ನಾನು ಹುಟ್ಟುವುದಕ್ಕೂ ಎಷ್ಟೋ ಮೊದಲು ಯಾರೋ ಇಬ್ಬರು ಪರದೇಶದವರು ಆ ವ್ಯಾನಿನಲ್ಲಿ ಊರೂರು ಸುತ್ತುತ್ತಾ ನರಸಿಂಹರಾಜಪುರದವರೆಗೆ ಬಂದು, ಇಂಜಿನ್ ಕೈಕೊಟ್ಟಿತೆಂದು ಒಂದು ಶೆಡ್ಡಿನಲ್ಲಿ ಬಿಟ್ಟು ಹೋಗಿದ್ದರಂತೆ. ಪಾಚಿಗಟ್ಟಿ ನಿಂತಿದ್ದ ಅದನ್ನು ಅಪ್ಪಯ್ಯ ಎಳೆಸಿಕೊಂಡು ಬಂದು, ಎರಡು ವರ್ಷ ಅದರ ಅಡಿಯಲ್ಲೇ ಬಿದ್ದುಕೊಂಡು ರಿಪೇರಿ ಮಾಡಿದ. ಅಮ್ಮ ಅದನ್ನು ಸವತಿ ಅನ್ನುತ್ತಿದ್ದಳು. ಒಳಗೆ ಹಸಿರು ರೆಕ್ಸಿನ್ನಿನ ಸೀಟು, ಅದನ್ನು ಮಗುಚಿ ಹಾಕಿದರೆ ಮಂಚ. ಪಾತ್ರೆ ತೊಳೆಯಲು ಬೋಗುಣಿಯಷ್ಟೇ ದೊಡ್ಡದಾದ ಒಂದು ತೊಟ್ಟಿ, ಪಾತ್ರೆ ಇಡಲು ಒಂದು ಪುಟ್ಟ ಕಪಾಟು. ಇಬ್ಬರು ಮಲಗಲೆಂದು ಮಾಡಿದ ಗಾಡಿ ಅದು. ಅಲ್ಲಿ ಮೂರನೆಯವರನ್ನು, ನಾಲ್ಕನೆಯವರನ್ನು, ಏಳನೆಯವರನ್ನು ಮಲಗಿಸುವುದೇ ಅಪ್ಪಯ್ಯನ ಜೀವನದ ಗುರಿಯಾಗಿತ್ತು. ಮಂಚದ ಮೇಲೆ ಇಬ್ಬರ ತಲೆ ಆಚೆ, ಒಬ್ಬರ ತಲೆ ಈಚೆ. ಕೆಳಗೆ ಚಾಪೆಯ ಮೇಲೆ ಇಬ್ಬರು. ಎಳೆಯ ಮಕ್ಕಳಿದ್ದರೆ ಕೊಕ್ಕೆಗೆ ಸೀರೆಯ ಜೋಲಿ. ಮುಂದಿನ ಎರಡು ಸೀಟುಗಳ ಮೇಲೆ ಅಡ್ಡಲಾಗಿ ಹಲಸಿನ ಹಲಗೆ ಹಾಕಿದರೆ ಅದು ನನ್ನ ಹಾಸಿಗೆ. ನಮ್ಮೂರ ಹತ್ತಿರದ ನಾರ್ವೆಯ ಮದುವೆಗೋ ಭಂಡಿಗಡಿಯ ಗೃಹಪ್ರವೇಶಕ್ಕೋ ಹೊರಟರೆ ದಾರಿಯಲ್ಲಿ ಕಂಡ ನೆಂಟರನ್ನೆಲ್ಲ ಹತ್ತಿಸಿಕೊಂಡು, "ಇನ್ನೊಬ್ರಿಗೆ ಜಾಗ ಉಂಟು ಮಾರಾಯ, ಹತ್ತು" ಅನ್ನುತ್ತಿದ್ದ. ಅಜ್ಜಿ ಹಣೆ ಚಚ್ಚಿಕೊಂಡು, "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಇವ ಕಾಲು ಮಡಚಿ ತಲೆದಿಂಬಿನ ಕೆಳಗೆ ಇಡು ಅಂತಾನೆ" ಅಂತ ಗೊಣಗುತ್ತಿದ್ದಳು. ಡಬ್ಬಿಯಲ್ಲಿ ಹಪ್ಪಳ ಜೋಡಿಸಿದ ಹಾಗೆ ಮಲಗಿದ ಅಷ್ಟೂ ಜನರ ಉಸಿರು, ತೆಂಗಿನೆಣ್ಣೆಯ ತಲೆಗಳ ವಾಸನೆ, ಪೆಟ್ರೋಲಿನ ಸಣ್ಣ ಘಾಟು, ಇವೆಲ್ಲ ಸೇರಿದ ಒಂದು ಬಿಸುಪು ಇರುತ್ತಿತ್ತು. ಅಂಥ ಬಿಸುಪು ನನಗೆ ಆಮೇಲೆ ಎಲ್ಲೂ ಸಿಕ್ಕಲಿಲ್ಲ.

ಆದರೆ ನಾನು ಹುಟ್ಟಾ ಪುಕ್ಕಲಿ. ಜಿರಲೆಗೆ ಹೆದರುತ್ತಿದ್ದೆ, ಬಾವಿಗೆ ಹೆದರುತ್ತಿದ್ದೆ, ಗ್ಯಾರೇಜಿನಲ್ಲಿ ನೇತು ಹಾಕಿದ್ದ ಕರಿ ಟ್ಯೂಬುಗಳಿಗೆ ಹೆದರುತ್ತಿದ್ದೆ. ಹೆದರಿದವರ ಮೇಲೆ ಹಾವು ಎಸೆದಂತೆ, ಗಾಡಿಯಲ್ಲಿ ನನಗೆ ಸಿಕ್ಕಿದ ಜಾಗದ ಕೆಳಗೇ ಒಂದು ತೂತು ಇತ್ತು. ಗೇರಿನ ಪಕ್ಕ ನೆಲದ ತಗಡು ತುಕ್ಕು ತಿಂದು ಅಂಗೈ ಅಗಲ ಉದುರಿಹೋಗಿತ್ತು. ಗಾಡಿ ಓಡುವಾಗ ಅದರೊಳಗೆ ರಸ್ತೆ ಹರಿಯುವುದು ಕಾಣುತ್ತಿತ್ತು. ನಿಂತಾಗ ಹುಲ್ಲಿನ ತುದಿಗಳು ಒಳಗೆ ಬಂದು ಅಲ್ಲಾಡುತ್ತಿದ್ದವು. ಹುಲ್ಲು ಬರುವ ದಾರಿಯಲ್ಲಿ ಹಾವು ಬರುವುದಿಲ್ಲವೇ ಅಂತ ಕೇಳಿದರೆ ಅಪ್ಪಯ್ಯ ನಗುತ್ತಿದ್ದ. ಹಲಗೆಯ ಮೇಲೆ ಬೋರಲು ಮಲಗಿ ಆ ಕಪ್ಪು ತೂತನ್ನೇ ನೋಡುತ್ತಾ, ಕಣ್ಣು ಮುಚ್ಚಿದರೆ ಅದು ಬರುತ್ತದೆ ಅಂತ ಕಣ್ಣು ಬಿಟ್ಟುಕೊಂಡೇ ಇರುತ್ತಿದ್ದೆ.

ನನಗೆ ಒಂಬತ್ತು ವರ್ಷವಾಗಿದ್ದಾಗ ಸುಮಿತ್ರತ್ತೆಗೆ ಹೆರಿಗೆಯಾಯಿತು. ಅವಳು ಅಪ್ಪಯ್ಯನ ಒಬ್ಬಳೇ ತಂಗಿ, ಶೃಂಗೇರಿಗೆ ಮದುವೆಯಾಗಿ ಹೋದವಳು. ಎರಡು ಬಸಿರು ನಿಲ್ಲದೆ ಮೂರನೆಯದು ಇದು. ಅದಕ್ಕೇ ಶಿವಮೊಗ್ಗದ ದೊಡ್ಡ ಆಸ್ಪತ್ರೆಗೆ ಸೇರಿಸಿದ್ದರು. ಏಳನೇ ದಿನ ಮನೆಗೆ ಹೋಗಬಹುದು ಅಂದರು. ಅವತ್ತು ಅಮಾವಾಸ್ಯೆ. ದೀಪ ಹಚ್ಚುವುದರೊಳಗೆ ತವರು ಸೇರುವುದಾದರೆ ಮಾತ್ರ ಹೊರಡುವುದು ಅಂತ ಅಜ್ಜಿ ಷರತ್ತು ಹಾಕಿದಳು. ಅತ್ತೆ, ಮಗು, ಅಜ್ಜಿ, ಅಮ್ಮ, ನಾನು, ಅಪ್ಪಯ್ಯ, ಎಲ್ಲ ಹೊರಟೆವು. ದಾರಿಯಲ್ಲಿ ಒಂದಲ್ಲ ಎರಡು ಸಲ ಪಂಕ್ಚರ್ ಆಯಿತು. ಮುತ್ತಿನಕೊಪ್ಪ ದಾಟುವಷ್ಟರಲ್ಲಿ ಕತ್ತಲೆಯಾಗುತ್ತಿತ್ತು, ಮುಂದೆ ಒಂದು ಹಳ್ಳದ ಸೇತುವೆ. ಅಜ್ಜಿ ಅಪ್ಪಯ್ಯನ ಭುಜ ಹಿಡಿದಳು.

"ನಿಲ್ಸು. ಅಮಾಸೆ ಸಂಜೆ ಹಸುಗೂಸು ನೀರು ದಾಟೂದು ಬೇಡ."

"ಅಮ್ಮಾ, ಇನ್ನೊಂದು ಗಂಟೇಲಿ ಮನೆ ಬರ್ತದೆ."

"ಎರಡು ಕಳ್ಕೊಂಡಿದಾಳೆ ಅವ್ಳು. ನಿನ್ನ ಒಂದು ಗಂಟೆ ನಂಬಕ್ಕೆ ನಂಗೆ ಧೈರ್ಯ ಇಲ್ಲ ಮಾರಾಯ."

ಊರಲ್ಲಿ ಯಾರ ಮನೆಯಲ್ಲಾದರೂ ಕೇಳೋಣ ಅಂತ ಅಮ್ಮ ಅಂದಳು. ಹೆತ್ತ ಮೈಲಿಗೆ ಕಳೆಯಲು ಹತ್ತು ದಿನ ಬೇಕು, ಅದಕ್ಕೆ ಮೊದಲು ಯಾರ ಹೊಸಿಲು ತುಳಿಯುವುದು ಅಂತ ಅಜ್ಜಿ ಅದನ್ನೂ ತಳ್ಳಿಹಾಕಿದಳು. ಕೊನೆಗೆ ಅಪ್ಪಯ್ಯ ಸೋತ. ಸೋತರೂ ಅವನ ಮುಖ ಅರಳಿತ್ತು. ಜನ ಮಲಗಿಸುವ ಕೆಲಸ ಅಂದರೆ ಅವನಿಗೆ ಹಬ್ಬ. ರಸ್ತೆ ಬಿಟ್ಟು ಒಂದು ಬಯಲಿಗೆ ಗಾಡಿ ಇಳಿಸಿ, ಹಿಂದಿನ ಮಂಚದ ಮೇಲೆ ಅತ್ತೆಯನ್ನೂ ಮಗುವನ್ನೂ, ಅವರ ಕಾಲ ಬಳಿ ಅಡ್ಡಲಾಗಿ ಅಮ್ಮನನ್ನೂ, ಕೆಳಗೆ ಚಾಪೆಯ ಮೇಲೆ ಅಜ್ಜಿಯನ್ನೂ, ಹಲಗೆಯ ಮೇಲೆ ನನ್ನನ್ನೂ ಹೊಂದಿಸಿದ. ಬಾಣಂತಿಯ ಕೋಣೆಯಲ್ಲಿ ಗಂಡಸು ಮಲಗುವ ಹಾಗಿಲ್ಲವೆಂದು ತಾನು ಹೊರಗೆ ಟಾರ್ಪಾಲು ಹಾಸಿಕೊಂಡ. ಬಾಣಂತಿಗೆ ಥಂಡಿ ತಾಗಬಾರದಲ್ಲ. ಅಜ್ಜಿ ಕಿಟಕಿ ಬಾಗಿಲುಗಳ ಸಂದುಸಂದಿಗೂ ಹಳೇ ಸೀರೆಯ ಚೂರು ತುರುಕಿದಳು. ಊರ ಹೋಟೆಲಿನಿಂದ ಅಪ್ಪಯ್ಯ ಬಾಣಲೆಯಲ್ಲಿ ಕೆಂಡ ತಂದುಕೊಟ್ಟ. ಅಜ್ಜಿ ಅದನ್ನು ತನ್ನ ಚಾಪೆಯ ಪಕ್ಕ ಇಟ್ಟುಕೊಂಡು ಸಾಂಬ್ರಾಣಿ ಉದುರಿಸಿದಳು. ಅವಳಿಗೆ ತಿಳಿದದ್ದು ಸಂದು ಬಿಟ್ಟ ಗೋಡೆಯ, ಹೊಗೆ ಹೋಗುವ ಹಂಚಿನ ಮನೆ. ತಗಡಿನ ಡಬ್ಬಿಯಲ್ಲಿ ಅವಳು ಯಾವತ್ತೂ ಬಾಣಂತನ ಮಾಡಿರಲಿಲ್ಲ.

ಅಪ್ಪಯ್ಯನಿಗೆ ಇಂಜಿನ್ನಿನ ಹೊಗೆಯ ಗುಣ ಗೊತ್ತಿತ್ತು. ಮಲಗುವ ಮೊದಲು ಮುಂದಿನ ಬಾಗಿಲು ತೆರೆದು ಎಲ್ಲರಿಗೂ ಕೇಳುವ ಹಾಗೆ ಹೇಳಿದ. "ಈ ತೂತೊಂದು ಹಂಗೇ ಇರ್ಲಿ. ಒಳಗೆ ಕೆಂಡ ಉಂಟು, ಗಾಳಿ ಬೇಕು." ಆಮೇಲೆ ನನ್ನ ತಲೆ ಸವರಿ, "ನೀನೇ ಇದ್ಕೆ ಕಾವಲು, ಆಯ್ತಾ ಮಗಾ?" ಅಂದ. ನನಗೆ ಧೈರ್ಯ ಬರಲಿ ಅಂತ ಹಾಗೆ ಅಂದಿರಬೇಕು. ನಾನು ಆಯ್ತು ಅಂದೆ.

ಎಲ್ಲರೂ ಮಲಗಿದರು. ನಾನು ಕಾವಲು ಕಾದೆ. ತೂತಿನ ಕೆಳಗೆ ಹುಲ್ಲು ಸರಸರ ಅನ್ನುತ್ತಿತ್ತು. ಕೆಂಡದ ಕೆಂಪು ಬೆಳಕು ತೂತಿನ ಅಂಚಿನವರೆಗೆ ಬಂದು ಅಲ್ಲಿಗೆ ನಿಲ್ಲುತ್ತಿತ್ತು, ಅದರಾಚೆ ಏನೂ ಕಾಣುತ್ತಿರಲಿಲ್ಲ. ನನ್ನ ಕೈ ಹಲಗೆಯಿಂದ ಕೆಳಗೆ ಜಾರಿದ್ದಾಗ ತಣ್ಣಗಿನದೊಂದು ಬೆರಳಿಗೆ ತಾಗಿತು. ಹುಲ್ಲೇ ಇರಬೇಕು. ಅದು ಹುಲ್ಲು ಅಂತ ಆಗ ನನಗೆ ಯಾರು ಹೇಳಬೇಕು? ಅಮ್ಮನನ್ನು ಕೂಗಿದರೆ ಮಗು ಎಚ್ಚರವಾಗುತ್ತದೆ. ಅಪ್ಪಯ್ಯ ಹೊರಗಿದ್ದಾನೆ, ಬಾಗಿಲು ತೆರೆದರೆ ಥಂಡಿ. ತಲೆಯ ಮೇಲಿದ್ದ ಕೆಂಪು ಉಲ್ಲನ್ ಟೊಪ್ಪಿ ತೆಗೆದೆ, ಮುದ್ದೆ ಮಾಡಿ ತೂತಿಗೆ ಒತ್ತಿ ಒತ್ತಿ ತುರುಕಿದೆ. ಸ್ವಲ್ಪ ಹೊತ್ತು ಮಾತ್ರ, ಆಮೇಲೆ ತೆಗೆಯುತ್ತೇನೆ ಅಂದುಕೊಂಡೆ. ಗಾಳಿ ನಿಂತಿತು, ಬೆಚ್ಚಗಾಯಿತು. ನನಗೆ ಸುಖವಾಗಿ ನಿದ್ದೆ ಬಂತು. ನಿಜ ಅದೇ. ಅಷ್ಟು ಸುಖವಾದ ನಿದ್ದೆ ಆ ಗಾಡಿಯಲ್ಲಿ ನನಗೆ ಅದೇ ಮೊದಲು.

ಎಚ್ಚರವಾದಾಗ ಗಾಜಿನಾಚೆ ಬೂದು ಬೆಳಕಿತ್ತು. ತಲೆ ಒಡೆದುಹೋಗುತ್ತದೇನೋ ಅನ್ನುವಷ್ಟು ನೋವು. ಅಮ್ಮಾ ಅನ್ನಲು ಹೋದರೆ ನಾಲಗೆ ಹೊರಳಲಿಲ್ಲ. ಹಿಂದಿನಿಂದ ಯಾರ ಗೊರಕೆಯೂ ಇಲ್ಲ, ಮಗುವಿನ ಸದ್ದೂ ಇಲ್ಲ. ಎಷ್ಟೋ ಜನರೊಂದಿಗೆ ಆ ಗಾಡಿಯಲ್ಲಿ ಮಲಗಿದ್ದೆನಲ್ಲ, ಅಂಥ ನಿಶ್ಶಬ್ದ ಅಲ್ಲಿ ಕೇಳಿರಲಿಲ್ಲ. ಇಳಿಯಲು ನೋಡಿದೆ. ಕಾಲು ಮಾತು ಕೇಳದೆ ಸ್ಟೇರಿಂಗಿನ ಮೇಲೆ ಬಿದ್ದೆ. ನನ್ನ ಎದೆಯ ಭಾರಕ್ಕೆ ಹಾರನ್ ಕೂಗತೊಡಗಿತು, ಎದ್ದುಕೊಳ್ಳಲಾಗದೆ ಹಾಗೇ ಬಿದ್ದಿದ್ದೆ. ಆಮೇಲೆ ಬಾಗಿಲು ತೆರೆದದ್ದು, ಅಪ್ಪಯ್ಯ ನನ್ನನ್ನು ಚೀಲದ ಹಾಗೆ ಎಳೆದು ಹುಲ್ಲಿನ ಮೇಲೆ ಹಾಕಿದ್ದು, ಮತ್ತೆ ಒಳಗೆ ನುಗ್ಗಿದ್ದು ನೆನಪಿದೆ. ಅಮ್ಮ ವಾಂತಿ ಮಾಡಿಕೊಳ್ಳುತ್ತಿದ್ದಳು. ಅತ್ತೆ ಕಣ್ಣು ಬಿಟ್ಟರೂ ಗುರುತು ಹಿಡಿಯಲಿಲ್ಲ. ಹಿಂಬಾಗಿಲ ರಬ್ಬರು ಒಡೆದ ಸಂದಿ ಮಗುವಿನ ತಲೆಯ ಹತ್ತಿರವಿತ್ತು, ಬಟ್ಟೆ ತುರುಕಿದ್ದರೂ ಒಂದಿಷ್ಟು ಗಾಳಿ ಬರುತ್ತಿದ್ದಿರಬೇಕು. ಅಪ್ಪಯ್ಯ ಮಗುವನ್ನು ಎತ್ತಿ ಅಂಗಾಲು ಉಜ್ಜುತ್ತಲೇ ಇದ್ದ, ಕೊನೆಗೂ ಅದು ಅತ್ತಿತು. ಅಜ್ಜಿ ಮಾತ್ರ ಕೆಂಡದ ಬಾಣಲೆಯ ಕಡೆಗೆ ಮುಖ ಮಾಡಿಕೊಂಡು ಹಾಗೇ ಇದ್ದಳು.

ಮುಚ್ಚಿದ ಗಾಡಿ, ಕೆಂಡದ ಹೊಗೆ, ವಯಸ್ಸಾದ ಜೀವ ಅಂತ ಆಸ್ಪತ್ರೆಯಲ್ಲಿ ಹೇಳಿದರು. ಮನೆಗೆ ಬಂದವರೆಲ್ಲ ನನ್ನ ಕೆನ್ನೆ ಹಿಡಿದು, "ಈ ಹುಡ್ಗಿ ಹಾರನ್ ಹೊಡೀದಿದ್ರೆ ಐದು ಹೆಣ ಬೀಳ್ತಿತ್ತು" ಅಂದರು. ಪುಕ್ಕಲಿ ಅಂತಿದ್ದವರೇ ಧೈರ್ಯವಂತೆ ಅಂದರು. ಒಬ್ಬರು ಬಿಸ್ಕತ್ತಿನ ಪೊಟ್ಟಣ ತಂದುಕೊಟ್ಟರು. ನಾನು ತಿಂದೆ. ಬಾಯಲ್ಲಿ ಬಿಸ್ಕತ್ತು ಇಟ್ಟುಕೊಂಡೇ ಅಪ್ಪಯ್ಯನ ಕಡೆ ನೋಡುತ್ತಿದ್ದೆ. ಐದಾರು ದಿನವಾದ ಮೇಲೆ ಊಟಕ್ಕೆ ಕೂತಾಗ ಅಮ್ಮ ಕೇಳಿದಳು, "ಇವ್ಳ ಕೆಂಪು ಟೊಪ್ಪಿ ಎಲ್ಲಿ ಹೋಯ್ತು?" ಅಪ್ಪಯ್ಯ ತಟ್ಟೆಯಿಂದ ತಲೆಯೆತ್ತದೆ, "ಆಸ್ಪತ್ರೇಲಿ ಎಲ್ಲೋ ಬಿದ್ದಿರ್ಬೇಕು, ಬಿಡು" ಅಂದ. ಆಸ್ಪತ್ರೆಗೆ ನಾನು ಬರಿದಲೆಯಲ್ಲಿ ಹೋಗಿದ್ದೆ. ಅದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಅಲ್ಲಿಂದ ಶುರುವಾದ ಭಯದ ಮುಂದೆ ಹಾವಿನ ಭಯ ಏನೇನೂ ಅಲ್ಲ. ಇವತ್ತು ಕೇಳುತ್ತಾನೆ, ನಾಳೆ ಕೇಳುತ್ತಾನೆ ಅಂತ ಕಾದೆ. ಅವನು ಗದರಿದ್ದರೆ, ಎರಡು ಬಾರಿಸಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವನು ಇನ್ನಷ್ಟು ಮೆತ್ತಗಾದ. ಅವನು ಕೆಮ್ಮಿ ಗಂಟಲು ಸರಿ ಮಾಡಿಕೊಂಡರೂ, ಈಗ ಕೇಳುತ್ತಾನೆ ಅಂದುಕೊಳ್ಳುತ್ತಿದ್ದೆ. ಗಾಡಿಯಲ್ಲಿ ಮತ್ತೆ ಯಾರನ್ನೂ ಮಲಗಿಸಲಿಲ್ಲ. ಕೆಲವು ವರ್ಷ ಗ್ಯಾರೇಜಿನ ಹಿತ್ತಲಲ್ಲಿ ನಿಂತಿದ್ದ ಅದನ್ನು ಒಂದು ದಿನ ಗುಜರಿಯವರು ಕತ್ತರಿಸಿಕೊಂಡು ಹೋದರು. ಸುಮಿತ್ರತ್ತೆಯೂ ಆಮೇಲೆ ಕೊಪ್ಪಕ್ಕೆ ಬರಲಿಲ್ಲ. ತಾಯಿ ಇಲ್ಲದ ಮೇಲೆ ತವರೆಲ್ಲಿ ಅಂತ ಜನ ಅಂದುಕೊಂಡರು, ನಾನೂ ಹಾಗೇ ಅಂದುಕೊಂಡೆ. ಗೌರಿ ಹಬ್ಬಕ್ಕೆ ಅಪ್ಪಯ್ಯ ಬಾಗಿನ ಹಿಡಿದು ಬಸ್ಸಿನಲ್ಲಿ ಶೃಂಗೇರಿಗೆ ಹೋಗಿ ಬರುತ್ತಿದ್ದ. ಅತ್ತೆ ಹೇಗಿದ್ದಾಳೆ ಅಂತ ಕೇಳಿದರೆ, ಚೆನ್ನಾಗಿದ್ದಾಳೆ ಅನ್ನುತ್ತಿದ್ದ.

ಹೋದ ವರ್ಷ ಅಪ್ಪಯ್ಯ ತೀರಿಕೊಂಡ. ಹದಿಮೂರನೇ ದಿನ ಅತ್ತೆ ಬಂದಳು, ಜೊತೆಗೆ ನನಗಿಂತ ಎತ್ತರ ಬೆಳೆದ ಮಗಳು. ಊಟವೆಲ್ಲ ಮುಗಿದ ಮೇಲೆ ಮಗಳನ್ನು ಅಮ್ಮನ ಹತ್ತಿರ ಬಿಟ್ಟು, ಅಡಿಗೆಮನೆಯಲ್ಲಿ ನನ್ನ ಪಕ್ಕ ಕೂತು ಕೈ ಹಿಡಿದುಕೊಂಡಳು.

"ನಿನ್ನಿಂದ ನಾನೂ ಮಗ್ಳೂ ಉಳ್ಕೊಂಡ್ವಿ. ಆದ್ರೆ ಅಣ್ಣನ್ನ ಕ್ಷಮಿಸಕ್ಕೆ ನನ್ ಕೈಲಿ ಆಗ್ಲಿಲ್ಲ ಕಣೆ. ತೂತು ತೆರೆದೇ ಇತ್ತಲ್ಲ, ಹೆಂಗಾಯ್ತು ಇದು ಅಂತ ನಾನೇ ಕೇಳಿದ್ದೆ ಆವತ್ತು. ಅಮ್ಮನ್ನ ಇನ್ನೂ ಮನೆಯಿಂದ ಎತ್ತಿರ್ಲಿಲ್ಲ. 'ಗಾಳಿ ಜೋರಿತ್ತು, ಹೊರಗಿಂದ ನಾನೇ ಬಟ್ಟೆ ತುರುಕಿದೆ' ಅಂದ. ಎಲ್ಲ ಗೊತ್ತಿದ್ದವ, ನಮ್ಗೆ ಮುಚ್ಚಬೇಡಿ ಅಂದವ, ತಾನೇ ಮುಚ್ಚಿದ್ನಲ್ಲ."

ನನಗೆ ಮತ್ತೆ ಒಂಬತ್ತು ವರ್ಷವಾಯಿತು. ಸುಮ್ಮನಿದ್ದುಬಿಡಬಹುದಿತ್ತು. ಅಪ್ಪಯ್ಯ ನನಗಾಗಿ ಕಟ್ಟಿದ್ದ ಗೋಡೆ ಗಟ್ಟಿಯಾಗಿಯೇ ಇತ್ತು, ಅದರ ಹಿಂದೆ ನಾನು ಸಾಯುವವರೆಗೂ ಧೈರ್ಯವಂತೆಯಾಗಿ ಇರಬಹುದಿತ್ತು. ಆವತ್ತಿನ ಹಾಗೆಯೇ ನಾಲಗೆ ಹೊರಳಲೊಲ್ಲದು. ಆದರೂ ಹೇಳಿದೆ. ಟೊಪ್ಪಿಯ ಬಣ್ಣದ ಸಮೇತ, ಆಮೇಲೆ ಬಂದ ಸುಖವಾದ ನಿದ್ದೆಯ ಸಮೇತ ಎಲ್ಲ ಹೇಳಿ ಮುಗಿಸಿ, ಅತ್ತೆ ಕೈ ಬಿಡುತ್ತಾಳೆ ಅಂತ ಕಾದೆ.

ಕೈ ಬಿಡಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ಒಲೆಯ ಕಡೆ ನೋಡುತ್ತಾ ಅಂದಳು:

"ಪ್ರತಿ ವರ್ಷ ಬಾಗಿನ ತರ್ತಿದ್ದ. ಗೇಟಿನ ಹತ್ರಾನೇ ಇಸ್ಕೊಂಡು ಕಳಿಸ್ತಿದ್ದೆ. ಒಳಗೆ ಬಾ ಅಣ್ಣ ಅಂತ ಒಂದು ವರ್ಷನೂ ಅನ್ಲಿಲ್ಲ ನಾನು."