ಥೈಲ್ಯಾಂಡ್ ರೊಟ್ಟಿ

ಈರಣ್ಣ ಕಾಕಾ ಅವರ ಥೈಲ್ಯಾಂಡ್ ಪ್ರವಾಸ ಮುಂದಕ್ಕೆ ಹೋದಾಗಲೆಲ್ಲ ನಮ್ಮ ಓಣಿಯಲ್ಲಿ ಯಾರೂ ರೊಟ್ಟಿ ಬಡಿಯುತ್ತಿರಲಿಲ್ಲ. ಬಡಿಯುವ ಅಗತ್ಯವೇ ಬೀಳುತ್ತಿರಲಿಲ್ಲ. ಪರದೇಶದಲ್ಲಿ ತಿನ್ನಲೆಂದು ಅವರ ಹೆಂಡತಿ ಗಿರಿಜಾ ಕಾಕು ಮಾಡಿಟ್ಟ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮನೆಮನೆಗೆ ಬರುತ್ತಿದ್ದವು. ನಮ್ಮ ಅಮ್ಮೀ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತು ಕೇಳುತ್ತಿದ್ದಳು: "ಈ ಸಲ ಯಾರ ಲಗ್ನ ಅಂತರೀ?"

ರೊಟ್ಟಿ ಬಂತೆಂದರೆ ಪ್ರವಾಸ ಇಲ್ಲ. ರಾಣೇಬೆನ್ನೂರಿನಲ್ಲಿ ಇದಕ್ಕಿಂತ ನಂಬಿಕಸ್ಥ ಸುದ್ದಿ ಬೇರೊಂದಿರಲಿಲ್ಲ. ಪಾಪ, ಥೈಲ್ಯಾಂಡ್ ದೇಶಕ್ಕೆ ಮಾತ್ರ ಈ ಸುದ್ದಿ ಮುಟ್ಟುತ್ತಿರಲಿಲ್ಲ.

ಕಾಕಾ ಮೂಲತಃ ಬ್ಯಾಡಗಿಯವರು. ರಾಣೇಬೆನ್ನೂರಿನಲ್ಲಿ ಬೀಜದ ಅಂಗಡಿ, ಅಂಗಡಿಯ ಮೇಲೆಯೇ ಮನೆ. ಎದುರಿಗೆ ನನ್ನ ಝೆರಾಕ್ಸ್ ಮತ್ತು ಆನ್‌ಲೈನ್ ಸೆಂಟರ್. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಕಾಕಾ ರಸ್ತೆ ದಾಟಿ ಬಂದು ನನ್ನ ಎದುರಿನ ಕುರ್ಚಿಯಲ್ಲಿ ಕೂರುತ್ತಿದ್ದರು. ಕೂತರೆ ಅವರ ಕೈ ಸುಮ್ಮನಿರುತ್ತಿರಲಿಲ್ಲ. ಚಿಕ್ಕವರಿದ್ದಾಗ ಬ್ಯಾಡಗಿಯ ಗೋದಾಮಿನಲ್ಲಿ ಅವ್ವನ ಪಕ್ಕ ಕೂತು ಮೆಣಸಿನಕಾಯಿಯ ತೊಟ್ಟು ಮುರಿದ ಕೈ ಅದು. ಈಗ ಅಂಗಡಿ ಮಾಲೀಕರಾದರೂ ಕೈಗೆ ಆ ವಿಷಯ ಯಾರೂ ತಿಳಿಸಿರಲಿಲ್ಲ. ಮಾತಾಡುತ್ತಾ ಆಡುತ್ತಾ ನನ್ನ ಪೆನ್ನುಗಳ ಮುಚ್ಚಳದ ಕಡ್ಡಿಯನ್ನು ಹೆಬ್ಬೆರಳಿನಿಂದ ಲಟಕ್ಕನೆ ಮುರಿದು ಒಂದು ಕಡೆ ಗುಡ್ಡೆ ಹಾಕುತ್ತಿದ್ದರು. "ಕಾಕಾ, ಅದು ಪೆನ್ನರೀ" ಎಂದರೆ "ಹೌದಲ್ಲೋ ರಫೀಕಾ" ಎಂದು ಇನ್ನೊಂದನ್ನು ಕೈಗೆತ್ತಿಕೊಳ್ಳುತ್ತಿದ್ದರು.

ಅವರಿಗೆ ಥೈಲ್ಯಾಂಡಿನ ಹುಚ್ಚು ಹಿಡಿಸಿದ್ದು ಒಂದು ಬೀಜದ ಕಂಪನಿ. ಚೆನ್ನಾಗಿ ವ್ಯಾಪಾರ ಮಾಡಿದ ಡೀಲರುಗಳನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿತ್ತು. ಅಲ್ಲಿಂದ ಬಂದ ಡೀಲರುಗಳೆಲ್ಲ ಮನೆಯಲ್ಲಿ ಹೇಳಿದ್ದು ಒಂದೇ ಮಾತು: "ಗುಡಿ ಭಾಳ ಚಲೋ ಅದಾವು." ಅಷ್ಟು ಜನ ಒಟ್ಟಿಗೇ ಅಷ್ಟು ದೈವಭಕ್ತರಾದದ್ದನ್ನು ಜಿಲ್ಲೆ ಹಿಂದೆಂದೂ ಕಂಡಿರಲಿಲ್ಲ. ಕಾಕಾ ಒಬ್ಬರೇ ಖರೇ ಹೇಳಿದರು, ಅವರೊಬ್ಬರನ್ನೇ ಯಾರೂ ನಂಬಲಿಲ್ಲ.

ಆದದ್ದಿಷ್ಟು. ಒಂದು ಮುಂಜಾನೆ ಬಸ್ಸು ಯಾವುದೋ ಸಣ್ಣ ಊರಿನ ಸಂತೆಯ ಹತ್ತಿರ ನಿಂತಿದೆ. ಕಾಕಾ ಮೆಣಸಿನಕಾಯಿ ನೋಡಲು ಇಳಿದಿದ್ದಾರೆ, ಬಸ್ಸು ಇವರನ್ನು ಬಿಟ್ಟು ಹೋಗಿದೆ.

"ಅಲ್ಲೊಬ್ಬಾಕಿ ಮುದುಕಿ ಮೆಣಸಿನಕಾಯಿ ರಾಶಿ ಹಾಕ್ಕೊಂಡು ಕುಂತಿದ್ಲು. ಕಿರುಬೆರಳಷ್ಟೂ ಇಲ್ಲ ಕಾಯಿ. ಇದೆಂಥಾ ಮೆಣಸಿನಕಾಯಿ ಅಂತ ಒಂದು ಬಾಯಾಗ ಹಾಕ್ಕೊಂಡೆ ನೋಡು. ಯಪ್ಪಾ! ಕಿವ್ಯಾಗಿಂದ ಹೊಗಿ ಬಂತು! ನಾವು ಬ್ಯಾಡಗ್ಯಾವ್ರು ಬಣ್ಣ ಮಾರಿ ಬದುಕೂ ಮಂದಿ, ಇಂಥಾ ಖಾರ ಎಲ್ಲಿ ಕಂಡೇವಿ? ಆಕಿ ಬಿದ್ದು ಬಿದ್ದು ನಕ್ಕು, ಒಂದು ಸಣ್ಣ ಮಣಿ ಕೊಟ್ಟು ಕುಂದರಿಸಿ, ಮಾವಿನಹಣ್ಣು ಹೆಚ್ಚಿ ಕೊಟ್ಲು. ಥೇಟ್ ನಮ್ಮವ್ವ."

ಆಮೇಲೆ ಕಾಕಾ ಆ ಮಣೆಯ ಮೇಲೆ ಕೂತು ಸಂಜೆತನಕ ಆಕೆಯ ಜೊತೆ ತೊಟ್ಟು ಮುರಿದಿದ್ದಾರೆ. ಭಾಷೆ ಇಲ್ಲ, ಗುರುತಿಲ್ಲ. ಗೈಡು ಹುಡುಕಿಕೊಂಡು ಬಂದಾಗ ಏಳಲು ಮನಸ್ಸಿರಲಿಲ್ಲವಂತೆ. ನಮ್ಮ ಬ್ಯಾಡಗಿ ಮೆಣಸಿನಕಾಯಿ ತಂದು ತೋರಿಸುತ್ತೇನೆ ಎಂದು ಕೈಸನ್ನೆಯಲ್ಲೇ ಆಕೆಗೆ ಮಾತು ಕೊಟ್ಟು ಬಂದಿದ್ದರು.

ಇದನ್ನು ಕೇಳಿ ಗಿರಿಜಾ ಕಾಕು ಹಣೆ ಬಡಿದುಕೊಂಡರು. "ತೊಟ್ಟು ಮುರಿಯೂದು ಬ್ಯಾಡಗ್ಯಾಗ ಇರ್ಲಿಲ್ಲೇನು? ಅದಕ್ಕ ವಿಮಾನ ಹತ್ತಬೇಕಿತ್ತಾ?"

ಅಂದಿನಿಂದ ಮರುಪ್ರವಾಸದ ಯೋಜನೆ ನನ್ನ ಸೆಂಟರಿನಲ್ಲಿ ಶುರುವಾಯಿತು. "ಈ ಸಲ ಕಂಪನಿಯವ್ರ ಗದ್ದಲ ಬ್ಯಾಡ. ನಾನು, ನಿಮ್ಮ ಕಾಕು, ಇಬ್ರೇ. ಹೋಟೆಲು ಮೊದ್ಲ ಗೊತ್ತು ಮಾಡೂದು ಬ್ಯಾಡ. ಮನಸ್ಸು ಬಂದ ಊರಾಗ ಇಳಿಯೂದು, ಬ್ಯಾಸರಾದ್ರ ಏಳೂದು. ಆ ಮುದುಕಿ ಊರಾಗ ಒಂದಷ್ಟು ದಿನ ಇರೂದು."

"ಇದಕ್ಕ ಫ್ಲೆಕ್ಸಿಬಲ್ ಅಂತಾರ ಕಾಕಾ" ಎಂದೆ. ಅಲ್ಲಿಯವರೆಗೆ ಅವರಿಗೆ ಗೊತ್ತಿದ್ದ ಫ್ಲೆಕ್ಸಿಬಲ್ ಎಂದರೆ ಹೊಲಕ್ಕೆ ನೀರು ಹಾಯಿಸುವ ಪೈಪು ಮಾತ್ರ. ಪದ ಅವರಿಗೆ ಎಷ್ಟು ಹಿಡಿಸಿತೆಂದರೆ, ಬೀಜ ಕೊಳ್ಳಲು ಬಂದವರಿಗೆಲ್ಲ ಬೀಜದ ಜೊತೆ ಅದನ್ನೂ ಕಟ್ಟಿಕೊಟ್ಟು ಕಳಿಸಿದರು: "ನಮ್ದು ಫ್ಲೆಕ್ಸಿಬಲ್ ಟೂರು."

ಕೆಟ್ಟಿದ್ದು ಅಲ್ಲೇ. ತಾರೀಕಿರುವ ಪ್ರವಾಸವನ್ನು ನಮ್ಮ ಕಡೆ ಯಾರೂ ಮುಟ್ಟುವುದಿಲ್ಲ. ತಾರೀಕಿಲ್ಲದ್ದು ಊರಿನ ಆಸ್ತಿ. ಅಗಡಿಯ ಸೋದರಸೊಸೆಯ ಲಗ್ನ ಬಂತು. "ಹೆಂಗೂ ನಿಮ್ಮದು ತಾರೀಕು ಗಟ್ಟಿಲ್ಲಲ್ಲ, ನಾಕು ಅಕ್ಕಿಕಾಳು ಹಾಕಿ ಹೋಗ್ರಿ" ಎಂದರು. ಕಾಕಾ ನಿಂತರು, ಓಣಿಗೆ ರೊಟ್ಟಿ ಬಂತು. ಕರ್ಜಗಿಯಲ್ಲಿ ಮನೆ ಒಕ್ಕಲು, ರೊಟ್ಟಿ ಬಂತು. ಆಮೇಲೆ ಅಗಡಿಯ ಆ ಹುಡುಗಿಯದೇ ಕುಬಸ, ಆಮೇಲೆ ಬಾಣಂತನ, ಆಮೇಲೆ ತೊಟ್ಟಿಲ ಕಾರ್ಯ. ಒಂದು ಕೂಸು ಹೊಟ್ಟೆಯಲ್ಲಿದ್ದಾಗಿನಿಂದ ಹಿಡಿದು ಜವಳ ತೆಗೆಸುವತನಕ ಇಡೀ ಥೈಲ್ಯಾಂಡನ್ನು ತಡೆದು ನಿಲ್ಲಿಸಿತು.

"ಬರಂಗಿಲ್ಲ ಅನ್ರಿ ಕಾಕಾ, ಏನಾಕ್ಕೈತಿ?" ಎಂದರೆ, "ಬಾಗಿಲಿಗೆ ಬಂದು ಕುಂಕುಮ ಹಚ್ಚಿ ಕರದಾರೋ ರಫೀಕಾ. ಹೆಂಗ ಒಲ್ಲೆ ಅನ್ಲಿ?" ಎನ್ನುತ್ತಿದ್ದರು.

ಕಾಕು ಒಂದು ದಿನ ರೊಟ್ಟಿ ಹಂಚುತ್ತಾ ಓಣಿಗೆಲ್ಲ ಕೇಳುವಂತೆ ಹೇಳಿದರು: "ಇವ್ರೂ ಬ್ಯಾಡಗಿ ಮೆಣಸಿನಕಾಯಿನ. ಬಣ್ಣ ನೋಡಿದ್ರ ಊರು ಸುಡ್ತಾರ ಅನ್ಬೇಕು. ಕಡದ್ರ ಏನೂ ಇಲ್ಲ."

ಕಾಕಾ ಕೇಳಿಸಿಕೊಂಡರು. ಮಧ್ಯಾಹ್ನ ನನ್ನ ಸೆಂಟರಿಗೆ ಬಂದು ಕೂತರು, ಪೆನ್ನು ಮುಟ್ಟಲಿಲ್ಲ.

"ಆ ಮುದುಕಿಗೆ ಆಗ್ಲೇ ಭಾಳ ವಯಸ್ಸಾಗಿತ್ತು. ಇನ್ನೂ ಇರ್ತಾಳಂತೀಯೇನೋ?"

"ಆಕಿನೂ ಫ್ಲೆಕ್ಸಿಬಲ್ ಇರ್ಬೇಕು ಬಿಡ್ರಿ ಕಾಕಾ" ಎಂದೆ. ಅವರು ನಗಲಿಲ್ಲ. ನನ್ನ ಎಲ್ಲ ಕೊಂಕಿಗೂ ನಗುತ್ತಿದ್ದ ಮನುಷ್ಯ.

ಅದಾದ ಕೆಲವು ದಿನಕ್ಕೆ ಕಾಕಾ ಸಂತೆಗೆ ಹೋದ ಹೊತ್ತು ನೋಡಿ ಕಾಕು ಬಂದರು. ಸೆರಗಿನ ಮರೆಯಿಂದ ಎರಡು ಪಾಸ್‌ಪೋರ್ಟ್ ತೆಗೆದು ಟೇಬಲ್ ಮೇಲೆ ಬಡಿದರು.

"ತಾರೀಕು ಹಾಕು."

"ಬರೂ ಟಿಕೆಟ್ ಯಾವಾಗಿಂದು ಹಾಕ್ಲಿ ಕಾಕು?"

"ಆಮ್ಯಾಲೆ ಬದಲಿಸಾಕ ಬರೂವಂಥದ್ದು ತಗೋ. ಬರೂದು ಅವರ ಪ್ರಕಾರ ಇರ್ಲಿ. ಹೋಗೂದು ಮಾತ್ರ ನನ್ನ ಪ್ರಕಾರ."

"ಕಾಕಾಗ ಗೊತ್ತಾದ್ರ ಊರಿಗೆಲ್ಲ ಹೇಳ್ತಾರರೀ."

"ಅವರಿಗೆ ಬೆಂಗಳೂರಾಗ ನಮ್ಮ ತವರುಮನಿ ಕಡೆಯವ್ರ ಲಗ್ನ ಐತಿ ಅಂತ ಹೇಳೇನಿ."

ಲಗ್ನ ಎಂದ ಮೇಲೆ ಕಾಕಾ ತಪ್ಪಿಸಿಕೊಂಡ ಇತಿಹಾಸವೇ ಇಲ್ಲ. ಇಸ್ತ್ರಿ ಮಾಡಿದ ಧೋತರ, ಹೊಸ ಜುಬ್ಬಾ, ಮುಯ್ಯಿಯ ಲಕೋಟೆ ಸಮೇತ ರೈಲು ನಿಲ್ದಾಣಕ್ಕೆ ಬಂದರು. ರೊಟ್ಟಿಯ ಡಬ್ಬಿ ಹಿಡಿದು ನಾನೂ ಹೋಗಿದ್ದೆ. "ಲಗ್ನದ ಮನ್ಯಾಗ ಊಟ ಇರಂಗಿಲ್ಲೇನು? ರೊಟ್ಟಿ ಯಾಕ?" ಎಂದು ಕಾಕಾ ಕೇಳಿದ್ದಕ್ಕೆ ಕಾಕು, "ಬೆಂಗಳೂರಿನ ಅನ್ನ ನನಗ ಸೇರಂಗಿಲ್ಲ" ಎಂದು ಬಾಯಿ ಮುಚ್ಚಿಸಿದರು. ಡಬ್ಬಿಯ ತಳದಲ್ಲಿ ಬಟ್ಟೆಯಲ್ಲಿ ಕಟ್ಟಿದ ಬ್ಯಾಡಗಿ ಮೆಣಸಿನಕಾಯಿ ಇತ್ತು. ಅದು ನನಗೂ ಕಾಕುಗೂ ಮಾತ್ರ ಗೊತ್ತು.

ಮರುದಿನ ಬೆಂಗಳೂರಿನಿಂದ ಕಾಕಾನ ಫೋನು. "ಲೇ ರಫೀಕಾ, ಇದೆಂಥಾ ಕಲ್ಯಾಣ ಮಂಟಪೋ! ಒಳಗ ಬಿಡಾಕ ಪಾಸ್‌ಪೋರ್ಟ್ ಕೇಳಾಕತ್ತಾರ!" ಹಿಂದಿನಿಂದ ಕಾಕು ನಗುವುದು ಕೇಳಿಸಿತು. ಆಮೇಲೆ ಕಾಕಾ ಬಹಳ ಮೆಲ್ಲಗೆ, "ಖರೇನ ಹೊಂಟೇವೇನೋ?" ಎಂದರು. ನಾನು ಸಿಗ್ನಲ್ ಇಲ್ಲವೆಂದು ಸುಳ್ಳು ಹೇಳಿ ಫೋನಿಟ್ಟೆ.

ಓಣಿಯವರಿಗೆ ಅಭ್ಯಾಸ ನೋಡಿ, ಇಂದಲ್ಲ ನಾಳೆ ರೊಟ್ಟಿ ಬರುತ್ತದೆಂದು ಕಾದರು. ಬರಲಿಲ್ಲ. ಅಮ್ಮೀ ಕೊನೆಗೆ ತಾನೇ ಹಿಟ್ಟು ನಾದಿದಳು. "ಹೋದ್ರಲ್ಲೋ ಖರೇನ" ಎಂದು ಅದೇನೋ ಮೋಸವಾದವಳಂತೆ ಬಡಿದಳು.

ಕೆಲವು ದಿನಗಳ ನಂತರ ಕಾಕು ವಿಡಿಯೋ ಕಾಲ್ ಮಾಡಿದರು. ಅದೇ ಸಂತೆ ಹುಡುಕಿಕೊಂಡು ಹೋಗಿದ್ದಾರೆ. ಕಾಕು ದನಿ ತಗ್ಗಿಸಿ ಹೇಳಿದರು: "ಆ ಅಜ್ಜಿ ಇಲ್ಲಪಾ. ಹ್ವಾದ ಮಳಿಗಾಲದಾಗ ಹೋಗಿಬಿಟ್ಲಂತ. ಮಗಳು ಅದಾಳ. ಇವರನ್ನ ನೋಡಿದ ಕೂಡ್ಲೇ ಗುರುತು ಹಿಡದ್ಲು. ತಾಯಿ ಹೇಳಿರ್ಬೇಕು. ಏನೂ ಕೇಳಲಿಲ್ಲ, ಒಳಗ ಹೋಗಿ ಇವರು ಅವತ್ತು ಕುಂತಿದ್ದ ಮಣಿ ತಂದು ಹಾಕಿದ್ಲು."

ಫೋನು ತಿರುಗಿಸಿದರು. ಒಂದು ಹಲಗೆಯ ಮೇಲೆ ಅಜ್ಜಿಯ ಫೋಟೋ, ಅದರ ಮುಂದೆ ನಮ್ಮ ಬ್ಯಾಡಗಿಯ ಕೆಂಪು ಮೆಣಸಿನಕಾಯಿ. ಕೆಳಗೆ ಸಣ್ಣ ಮಣೆಯ ಮೇಲೆ, ಲಗ್ನದ ಜುಬ್ಬಾದಲ್ಲಿ ಕಾಕಾ ತಲೆ ತಗ್ಗಿಸಿ ತೊಟ್ಟು ಮುರಿಯುತ್ತಿದ್ದರು. ಒಂದು ದಿನದ ಗುರುತಿಗೆ ಆ ಅಜ್ಜಿ ಇವರ ಮಣೆ ಎತ್ತಿಟ್ಟಿದ್ದಳು. ಇವರು ಇಲ್ಲಿ ಜವಳದ ಊಟ ಉಣ್ಣುತ್ತಿದ್ದರು.

"ಕಾಕಾ" ಎಂದೆ. ಕೊಂಕು ಯಾವುದೂ ಬಾಯಿಗೆ ಬರಲಿಲ್ಲ. "ಯಾವಾಗ ಬರ್ತೀರಿ?"

ತಲೆ ಎತ್ತಲಿಲ್ಲ. "ಬರೂ ಹುಣ್ಣಿವಿ ಮರುದಿನ. ತಾರೀಕು ಹಾಕಿಬಿಡು ರಫೀಕಾ. ಇನ್ನ ಬದಲಿಸೂದು ಬ್ಯಾಡ."

ನಿನ್ನೆ ಅಗಡಿಯಿಂದ ಒಬ್ಬರು ಲಗ್ನಪತ್ರಿಕೆ ಹಿಡಿದು ಬಂದಿದ್ದರು. ಕಾಕಾನ ಅಂಗಡಿಯ ಶಟರ್ ಎಳೆದಿದ್ದು ನೋಡಿ ನನ್ನ ಹತ್ತಿರ ಬಂದರು. "ಹೆಂಗೂ ಅವರದು ತಾರೀಕು ಗಟ್ಟಿಲ್ಲಲ್ಲ, ನಾಕು ದಿನ ಮುಂಚೆ ಬಂದುಬಿಡ್ರಿ ಅಂತ ಹೇಳ್ರಿ."

"ಇಲ್ರಿ, ಈಗ ಗಟ್ಟಿ ಐತಿ" ಎಂದೆ.

ಅವರು ಪತ್ರಿಕೆಯನ್ನು ಶಟರಿನ ಸಂದಿಗೆ ಸಿಕ್ಕಿಸಿ ಹೋದರು. ನಾನು ಬಂದು ಕೂತೆ. ಎದುರಿನ ಕುರ್ಚಿ ಖಾಲಿ. ಟೇಬಲ್ ಮೇಲೆ ಹೊಸ ಪೆನ್ನುಗಳು, ಎಲ್ಲದರ ಕಡ್ಡಿಯೂ ನೆಟ್ಟಗಿದೆ. ಒಂದನ್ನು ನಾನೇ ಮುರಿದಿಟ್ಟೆ.