ಸೊಪ್ಪಕ್ಕನ ಮೂಗು

ಸೊಪ್ಪಕ್ಕನ ಕಣ್ಣಿಗೆ ಪೊರೆ ಬಂದು ಬಹಳ ಕಾಲವಾಗಿತ್ತು. ಎದುರಿಗಿರುವವರು ಗಂಡಸೋ ಹೆಂಗಸೋ ತಿಳಿಯುತ್ತಿತ್ತು, ಎಲೆಯ ಅಂಚು ಮಾತ್ರ ಬರೀ ಮಂಜು. ಇದನ್ನು ಆಕೆ ಯಾರಿಗೂ ಹೇಳಿರಲಿಲ್ಲ, ಒಡಹುಟ್ಟಿದ ತಂಗಿಗೂ. ಹೇಳಿದರೆ "ಸಾಕು, ಮನೇಲಿ ಕೂತ್ಕೊ" ಎನ್ನುತ್ತಾರೆ. ಮನೆಯಲ್ಲಿ ಕೂತು ಗೋಡೆ ನೋಡುವುದಕ್ಕೂ ಕಣ್ಣು ಬೇಕಲ್ಲ! ಅದಕ್ಕೇ ಕಣ್ಣಿನ ಕೆಲಸವನ್ನು ಮೂಗಿಗೆ ವಹಿಸಿದ್ದಳು. ಎಲೆಯನ್ನು ಉಗುರಿನಲ್ಲಿ ಚಿವುಟಿ ಮೂಸಬೇಕು, ಒಳ್ಳೆಯದಾದರೆ ಬುಟ್ಟಿಗೆ, ಇಲ್ಲವಾದರೆ ಆಚೆಗೆ. ಹೇಗೋ ನಡೆಯುತ್ತಿತ್ತು.

ತೋಟದಲ್ಲಿ ಆಕೆಯ ಕೆಲಸವೇ ಅದು. ಔಷಧಿ ಹೊಡೆಯದ ತೋಟ, ಬೆಳೆಗಿಂತ ಕಳೆಯದೇ ಕಾರುಬಾರು. ಆ ಕಳೆಯ ನಡುವೆ ತಾನಾಗಿ ಹುಟ್ಟುವ ತಿನ್ನುವ ಸೊಪ್ಪನ್ನು ಆರಿಸಿ ಅಡುಗೆಮನೆಗೆ ಕೊಡುತ್ತಿದ್ದಳು. ಅಡುಗೆಯವಳು ತಂಗಿಯೇ. ತಾನು ಒಂದು ಬಟ್ಟಲು ತಿನ್ನದೆ ಯಾವ ಪಾತ್ರೆಯನ್ನೂ ಹೊರಗೆ ಕಳಿಸದ ಹಟಮಾರಿ ಅವಳು.

"ನಮ್ಮಕ್ಕ ಕಣ್ಣು ಮುಚ್ಕೊಂಡು ಕಿತ್ರೂ ಒಂದು ಕಳೆ ಬರಲ್ಲ" ಎಂದು ತಂಗಿ ಬಂದವರೆದುರು ಕೊಚ್ಚಿಕೊಳ್ಳುವಾಗ ಸೊಪ್ಪಕ್ಕ ಬುಟ್ಟಿ ಎತ್ತಿಕೊಂಡು ಅಲ್ಲಿಂದ ಜಾರಿಕೊಳ್ಳುತ್ತಿದ್ದಳು.

ವರ್ಷಕ್ಕೊಮ್ಮೆ ಸುತ್ತಲಿನವರೆಲ್ಲ ತೋಟದಲ್ಲಿ ಒಟ್ಟಿಗೆ ಕೂತು, ಅಲ್ಲೇ ಬೆಳೆದದ್ದನ್ನು ಉಣ್ಣುವ ಸಂಜೆ ಬರುತ್ತಿತ್ತು. ಈ ಸಲ ಮೊದಲು ಬಡಿಸುವುದು ಸೊಪ್ಪಕ್ಕನ ಸೊಪ್ಪಿನ ಸೂಪು ಎಂದು ತೋಟದ ಯಜಮಾನ ಸಾರಿಬಿಟ್ಟಿದ್ದ. ಅವತ್ತೇ ಬರಬೇಕೇ ಆ ಹಾಳು ನೆಗಡಿ! ಮಧ್ಯಾಹ್ನ ಎಷ್ಟು ಚಿವುಟಿ ಎಷ್ಟು ಮೂಸಿದರೂ ಗಾಳಿಯೇ ಒಳಗೆ ಹೋಗಲೊಲ್ಲದು. ಹುಷಾರಿಲ್ಲ ಎಂದು ಹೇಳಿ ಎದ್ದು ಬರಬಹುದಿತ್ತು. ಎದ್ದು ಬರಲಿಲ್ಲ. ಮೆತ್ತಗಿರುವುದೆಲ್ಲ ಒಳ್ಳೆಯದೇ ಎಂದು ಮನಸ್ಸಿಗೆ ತಾನೇ ಸಮಾಧಾನ ಹೇಳಿಕೊಂಡು ಬುಟ್ಟಿ ತುಂಬಿಸಿದಳು.

ಸಂಜೆ ಮರದಡಿ ಉದ್ದಕ್ಕೆ ಮೇಜು ಜೋಡಿಸಿ, ಬಿಳಿ ಬಟ್ಟೆ ಹಾಸಿ, ಯಜಮಾನನ ಪಕ್ಕದಲ್ಲೇ ಸೊಪ್ಪಕ್ಕನನ್ನು ಕೂರಿಸಿದರು. ತಂಗಿ ಅಡುಗೆಮನೆಯಿಂದ ಲೋಟ ಹಿಡಿದು ಓಡಿಬಂದಳು.

"ತಗೊಳ್ಳಕ್ಕ, ಮೆಣಸು ಕುದಿಸಿದ ನೀರು. ಮೂಗು ಬಿಡುತ್ತೆ. ಎಲ್ರೂ ಚಪ್ಪಾಳೆ ತಟ್ಟೋವಾಗ ಆಕ್ಷಿ ಅಂತ ಸೀನಿ ನನ್ನ ಮರ್ಯಾದೆ ಕಳೀಬೇಡ."

ಸೊಪ್ಪಕ್ಕ ನಕ್ಕು ಕುಡಿದಳು. ಮೂಗು ಬಿಟ್ಟಿತು. ಒರೆಸಿಕೊಳ್ಳಲು ಎತ್ತಿದ ಕೈಯನ್ನು ಮತ್ತೊಮ್ಮೆ ಮೂಸಿದಳು. ಉಗುರಿನ ಸಂದಿಯಲ್ಲಿ ಹಳಸಿದ ಕಮಟು ವಾಸನೆ. ದತ್ತೂರಿ! ಎಳೆಯದರಲ್ಲಿ ಒಳ್ಳೆಯ ಸೊಪ್ಪಿನಂತೆಯೇ ಮೆತ್ತಗಿರುವ, ತಿಂದವರ ತಲೆ ಕೆಡಿಸಿ ಹೆಚ್ಚಾದರೆ ಪ್ರಾಣವನ್ನೇ ತೆಗೆಯುವ ಗಿಡ. ಚಿಕ್ಕಂದಿನಲ್ಲಿ ಅವ್ವ ಕೈಮೇಲೆ ಹೊಡೆದು ಕಲಿಸಿದ ವಾಸನೆ ಅದು, ತಪ್ಪುವ ಮಾತೇ ಇಲ್ಲ.

ಅಷ್ಟರಲ್ಲಿ ಯಜಮಾನ ಎದ್ದು ನಿಂತ. "ಈ ಮಣ್ಣು ಒಂದು ಹನಿ ವಿಷ ಕಂಡಿಲ್ಲ" ಎಂದು ಶುರುಮಾಡಿದ.

ಆಗಲೇ ಕೂಗಬೇಕಿತ್ತು. ಆದರೆ ಲೆಕ್ಕ ಹಾಕುತ್ತಾ ಕೂತಳು. ಒಂದೆರಡು ಎಲೆ ಸೇರಿರಬಹುದು, ಅಷ್ಟು ದೊಡ್ಡ ಪಾತ್ರೆಯಲ್ಲಿ ಏನು ಮಹಾ? ಹೇಳಿದರೆ ಕಣ್ಣಿನ ವಿಷಯ ಬಯಲಾಗುತ್ತದೆ, ಇಷ್ಟು ಜನರ ಮುಂದೆ ತಂಗಿ ತಲೆ ತಗ್ಗಿಸಬೇಕಾಗುತ್ತದೆ. ಮಾತು ಮುಗಿಯಲಿ, ಬಡಿಸುವ ಮುಂಚೆ ಹೇಳಿದರಾಯಿತು. ಯಜಮಾನನ ಮಾತೋ ಮುಗಿಯುವ ಜಾತಿಯದಲ್ಲ. ಗಾಳಿ, ಬೆಳಕು, ಎರೆಹುಳು, ಒಂದನ್ನೂ ಬಿಡಲಿಲ್ಲ ಪುಣ್ಯಾತ್ಮ. ಕೊನೆಗೆ ಆಕೆಯ ಕೈ ಹಿಡಿದೆತ್ತಿ, "ಈ ಕೈ ಆರಿಸಿದ ಸೊಪ್ಪು!" ಎಂದ. ಚಪ್ಪಾಳೆಯೋ ಚಪ್ಪಾಳೆ. ಬಟ್ಟಲುಗಳು ಬಂದವು.

"ಯಾರೂ ಕುಡೀಬೇಡಿ!" ಸೊಪ್ಪಕ್ಕ ಕಿರುಚಿದಳು. "ಅದ್ರಲ್ಲಿ ದತ್ತೂರಿ ಸೇರಿದೆ. ನಂಗೆ ಕಣ್ಣು ಕಾಣಲ್ಲ ಕಣ್ರಪ್ಪಾ, ಕಣ್ಣು ಕಾಣಲ್ಲ!"

ಬಟ್ಟಲುಗಳು ಹಾಗೆಯೇ ಕೆಳಗಿಳಿದವು. ಮೇಜಿನ ಬಳಿ ಯಾರೂ ಒಂದು ಗುಟುಕೂ ಕುಡಿದಿರಲಿಲ್ಲ. ಯಜಮಾನ ಆಕೆಯ ಕೈ ಬಿಟ್ಟ. ಬಿಡಲಿ, ಕೆಲಸ ಹೋದರೆ ಹೋಗಲಿ ಎಂದುಕೊಂಡು ಆಕೆ ತಡವರಿಸುತ್ತಾ ಅಡುಗೆಮನೆಯತ್ತ ಓಡಿದಳು. ತಂಗಿ ಬಾಗಿಲಲ್ಲೇ ನಿಂತಿದ್ದಳು.

"ನೀನು... ನೀನು ಕುಡಿದ್ಯೇನೇ?"

"ಭಾಷಣ ಮುಗೀಲೇ ಇಲ್ವಲ್ಲಕ್ಕ" ಎಂದಳು ತಂಗಿ, ಸಣ್ಣ ದನಿಯಲ್ಲಿ. "ಕಾಯ್ತಾ ಕಾಯ್ತಾ ಇನ್ನೊಂದ್ಸಲ ಹಾಕ್ಕೊಂಡೆ. ನಿನ್ನ ಸೊಪ್ಪು ಅಂತ."

ಆಸ್ಪತ್ರೆ ಮುಟ್ಟುವಷ್ಟರಲ್ಲಿ ತಂಗಿಯ ಬಾಯಿ ಒಣಗಿ ಮಾತು ತೊದಲತೊಡಗಿತು. ಹೊಟ್ಟೆ ತೊಳೆದರು, ಸೂಜಿ ಚುಚ್ಚಿದರು. ಮೊದಲೇ ಇವರ ಹೃದಯ ಸರಿಯಿಲ್ಲ, ನಮ್ಮ ಕೈಯಲ್ಲಾದದ್ದು ಮಾಡುತ್ತಿದ್ದೇವೆ ಎಂದರು ಡಾಕ್ಟರು. ತಂಗಿ ಮಾತ್ರ ಹಾಸಿಗೆಯ ಮೇಲೆ ಕೂತು ಹೊದಿಕೆಯಿಂದ ಏನನ್ನೋ ಚಿವುಟಿ ಚಿವುಟಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು.

"ಏನೇ ಅದು?" ಸೊಪ್ಪಕ್ಕ ಅಳುತ್ತಾ ಕೇಳಿದಳು.

ತಂಗಿಗೆ ಅಕ್ಕನ ಗುರುತು ಸಿಗಲಿಲ್ಲ. ಇಲ್ಲದ ಎಲೆಯೊಂದನ್ನು ಎರಡು ಬೆರಳಲ್ಲಿ ಹಿಡಿದು ಆಕೆಯತ್ತ ಚಾಚಿದಳು. "ನಮ್ಮಕ್ಕಂಗೆ ಒಂಚೂರು ತೋರ್ಸಿ ಬನ್ನಿ. ಅವಳು ಸರಿ ಅಂದ್ರೆ ಸಾಕು, ಪಾತ್ರೆಗೆ ಹಾಕ್ಬಿಡ್ತೀನಿ."

ಸೊಪ್ಪಕ್ಕ ಆ ಖಾಲಿ ಬೆರಳುಗಳನ್ನು ಹಿಡಿದುಕೊಂಡಳು. ಬೆಳಗಾಗುವ ಮುಂಚೆ ಆ ಬೆರಳುಗಳು ತಣ್ಣಗಾದವು.